ಹಾಳೆಯ ನಡುವಿನ ಗೆರೆ

ತತ್ತ್ವಶಾಸ್ತ್ರದ ಮೇಷ್ಟ್ರು ಈ ಆಷಾಢದಲ್ಲಿ ತೀರಿಕೊಂಡರು. ಸುದ್ದಿಯ ಬೆನ್ನಿಗೇ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಯಾರೋ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯ ಫೋಟೋ ಹಾಕಿದರು. ಮಲೆನಾಡಿನ ತೇವಕ್ಕೆ ಅಂಚೆಲ್ಲ ಕಂದಿದೆ, ಶಾಯಿ ಹರಡಿದೆ. ನಡುವೆ ಸ್ಕೇಲಿಟ್ಟು ಎಳೆದ ಗೆರೆ ಮಾತ್ರ ಹಾಗೇ ಉಳಿದಿದೆ. ಎಡಗಡೆ ‘ಬುದ್ಧಿ ತಾನೇ ಮುಟ್ಟಿದ್ದು’, ಬಲಗಡೆ ‘ಹೇಳಿದ್ದರಿಂದ ತಿಳಿದದ್ದು’.

ಬಿ.ಎ. ಮೂರನೇ ವರ್ಷದ ಪಾಶ್ಚಾತ್ಯ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಇನ್ನೇನೇನಿತ್ತೋ ಈಗ ಯಾರಿಗೂ ನೆನಪಿಲ್ಲ. ತತ್ತ್ವಶಾಸ್ತ್ರಕ್ಕೂ ಕ್ರೈಸ್ತ ದೇವಶಾಸ್ತ್ರಕ್ಕೂ ಇರುವ ನಂಟನ್ನು ಮೇಷ್ಟ್ರು ಬಿಡಿಸಿಟ್ಟ ಆ ಕೆಲವು ವಾರಗಳು ಮಾತ್ರ ಉಳಿದಿವೆ. ತರಗತಿಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚಿನ ಕಡೆಯ ಮೂರ್ನಾಲ್ಕು ಜನ, ತೀರ್ಥಹಳ್ಳಿ, ಹೊಸನಗರದ ಬಸ್ಸಿಗೆ ಬರುತ್ತಿದ್ದ ತೋಟದ ಮನೆಯವರು, ಶೃಂಗೇರಿಯಲ್ಲಿ ಒಂದಷ್ಟು ದಿನ ಪಾಠಕ್ಕೆ ಕೂತು ಬಂದ ಇಬ್ಬರು. ಎಲ್ಲರಿಗೂ ಒಂದೇ ನಿಯಮ. ಯಾವ ಮಾತೇ ಆಗಲಿ, ವಾದಕ್ಕೆ ಇಳಿಯುವ ಮೊದಲು ಅದು ಗೆರೆಯ ಯಾವ ಬದಿಗೆ ಸೇರುತ್ತದೆ ಎಂದು ಬರೆಯಬೇಕು.

ಮೊದಲ ದಿನ ಮೂರು ಮಾತು ಕೊಟ್ಟರು. ದೇವರು ಇದ್ದಾನೆ, ದೇವರು ತ್ರೈಏಕನು (ತಂದೆ, ಮಗ, ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ), ಜಗತ್ತಿಗೆ ಒಂದು ಆರಂಭವಿದೆ. ಹದಿಮೂರನೇ ಶತಮಾನದ ಕ್ರೈಸ್ತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸನ ಲೆಕ್ಕದಲ್ಲಿ ಮೊದಲನೆಯದು ಎಡಕ್ಕೆ. ಆದರೆ ಪ್ರಮಾಣದ ದಾರಿ ಹಿಡಿಯಲಾಗದವನು ಅದನ್ನೇ ನಂಬಿಕೆಯಿಂದ ಒಪ್ಪಿಕೊಂಡರೆ ತಪ್ಪಿಲ್ಲ, ಅವನ ಮಟ್ಟಿಗೆ ಅದು ಬಲಕ್ಕೆ. ಎರಡನೆಯದು ಬಲಕ್ಕೇ ಸೈ. ತ್ರಿತ್ವವನ್ನು ಬುದ್ಧಿ ಸಾಧಿಸಲಾರದು. ಅದರ ಮೇಲೆ ಬಂದ ಆಕ್ಷೇಪ ನಿಲ್ಲುವುದಿಲ್ಲ ಎಂದು ತೋರಿಸಬಲ್ಲದು, ಅಷ್ಟೇ. ಮೂರನೆಯದನ್ನು ಹೆಚ್ಚುಕಡಿಮೆ ಇಡೀ ತರಗತಿ ಎಡಕ್ಕೆ ಬರೆದಿತ್ತು, ಇಡೀ ತರಗತಿ ತಪ್ಪು ಮಾಡಿತ್ತು. ಜಗತ್ತು ಒಂದು ಕಾಲದಲ್ಲಿ ಶುರುವಾಯಿತೆಂಬುದು ನಂಬಿಕೆಯಿಂದ ಮಾತ್ರ ತಿಳಿಯುವ ಸಂಗತಿ, ಸಾಧಿಸಿ ತೋರಿಸುವಂಥದ್ದಲ್ಲ ಎಂದು ತನ್ನ ದೊಡ್ಡ ಗ್ರಂಥ ‘ಸುಮ್ಮಾ’ದ ಮೊದಲ ಭಾಗದ 46ನೇ ಪ್ರಶ್ನೆಯಲ್ಲಿ ಥಾಮಸನೇ ಬರೆದಿದ್ದಾನೆ.

ಇದು ಸಣ್ಣ ತಪ್ಪಲ್ಲ. ಆರಂಭವನ್ನು ಎಡಕ್ಕೆ ಬರೆದವರು ಮೂಲಕಾರಣದ ವಾದವನ್ನು ಕಾಲದಲ್ಲಿ ಹಿಂದಕ್ಕೆ ಓಡಿಸುತ್ತಾರೆ: ಮಗ, ಅಪ್ಪ, ಅಜ್ಜ, ಮುತ್ತಜ್ಜ, ಕೊನೆಗೆ ದೇವರು. ಇದನ್ನು ತಿದ್ದಲು ಮೇಷ್ಟ್ರು ಅಡಿಕೆ ಕೊಯ್ಲಿನ ಉದಾಹರಣೆಗೆ ಬರುತ್ತಿದ್ದರು. ಕೊನೆಗಾರನ ಕೈ ದೋಟಿಯನ್ನು, ಅಂದರೆ ಕೊಯ್ಯುವ ಉದ್ದ ಕೋಲನ್ನು, ಆಡಿಸುತ್ತದೆ, ದೋಟಿ ತುದಿಯ ಕತ್ತಿಯನ್ನು, ಕತ್ತಿ ಅಡಿಕೆಯ ಗೊನೆಯನ್ನು. ಕೈ ತೆಗೆದರೆ ಆ ಕ್ಷಣವೇ ಎಲ್ಲವೂ ನಿಂತಿತು. ಅಜ್ಜ ಸತ್ತರೆ ಮೊಮ್ಮಗ ನಿಲ್ಲುವುದಿಲ್ಲ, ತೋಟಕ್ಕೆ ಹೋಗುತ್ತಾನೆ. ಥಾಮಸ್ ಕೇಳುವುದು ದೋಟಿಯ ಬಗೆಯ ಸಾಲನ್ನು, ಈಗ ಈ ಗಳಿಗೆಯಲ್ಲಿ ಒಂದು ಇನ್ನೊಂದನ್ನು ಹಿಡಿದಿರುವ ಸಾಲನ್ನು. ಅವನದೇ ಉದಾಹರಣೆಯಲ್ಲಿ ಕೈ ಕೋಲನ್ನು ಆಡಿಸುತ್ತದೆ. ಅಜ್ಜ–ಮೊಮ್ಮಗನ ಸಾಲು ಕೊನೆಯಿಲ್ಲದೆ ಹಿಂದಕ್ಕೆ ಹೋದರೂ ಅವನಿಗೆ ತಕರಾರಿಲ್ಲ. ದೋಟಿಯ ಈ ಪಾಠ ಕೇಳಿದವರು ಪಂಚಮಾರ್ಗಗಳನ್ನು, ಅಂದರೆ ದೇವರಿದ್ದಾನೆಂದು ಸಾಧಿಸುವ ಥಾಮಸನ ಐದು ವಾದಗಳನ್ನು, ಮತ್ತೆ ತಪ್ಪಾಗಿ ಓದಿಲ್ಲ.

ಥಾಮಸನ ಪುಟವನ್ನು ಓದುವ ಕ್ರಮವನ್ನೂ ಹಾಗೇ ಕಲಿಸಿದರು. ಮೊದಲು ಪ್ರಶ್ನೆ. ಆಮೇಲೆ ‘ಹಾಗಲ್ಲವೆಂದು ತೋರುತ್ತದೆ’ ಎನ್ನುವ ಆಕ್ಷೇಪಗಳು, ಸಾಮಾನ್ಯವಾಗಿ ಮೂರು. ಅದಕ್ಕೆದುರಾಗಿ ಒಂದು ಆಧಾರವಾಕ್ಯ. ನಂತರ ಅವನ ಸ್ವಂತ ಉತ್ತರ. ಕಡೆಗೆ ಒಂದೊಂದು ಆಕ್ಷೇಪಕ್ಕೂ ಪ್ರತ್ಯೇಕ ಸಮಾಧಾನ. ಹುಡುಗರು ಎಡವುವುದು ಮೊದಲ ಪುಟದಲ್ಲೇ; ಆಕ್ಷೇಪವನ್ನು ಥಾಮಸನ ಮತವೆಂದು ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಶೃಂಗೇರಿಯಿಂದ ಬಂದವರಿಗೆ ಆ ಕಷ್ಟವಿರಲಿಲ್ಲ, ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಮುಗಿಯುವವರೆಗೂ ಅವರು ಪೆನ್ನು ಎತ್ತುತ್ತಿರಲಿಲ್ಲ. ದೇವರಿದ್ದಾನೆಯೇ ಎಂಬಲ್ಲಿ ಆಕ್ಷೇಪ ಎರಡೇ: ಲೋಕದಲ್ಲಿ ಕೇಡಿದೆ, ದೇವರಿಲ್ಲದೆಯೂ ಪ್ರಕೃತಿಯಿಂದ, ಮನುಷ್ಯನ ಬುದ್ಧಿ–ಇಚ್ಛೆಗಳಿಂದ ಎಲ್ಲವನ್ನೂ ವಿವರಿಸಬಹುದು. ಇಂದಿನ ನಾಸ್ತಿಕ ವಾದಕ್ಕೂ ಇವೇ ಎರಡು ಕಾಲು. 1274ರಲ್ಲಿ ತೀರಿಕೊಂಡ ಒಬ್ಬ ಸನ್ಯಾಸಿ ಅವನ್ನು ತಾನೇ ಎತ್ತಿ ಮುಂದಿಟ್ಟಿದ್ದ.

ಶಂಕರರ ಗೀತಾಭಾಷ್ಯದ ಮಾತನ್ನೂ ಮೇಷ್ಟ್ರು ಪಕ್ಕದಲ್ಲೇ ಇಡುತ್ತಿದ್ದರು: ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಪ್ರಮಾಣವಾಗದು. ನಂಬಿಕೆಯ ಸತ್ಯವೂ ಬುದ್ಧಿಯ ಸತ್ಯವೂ ಒಂದಕ್ಕೊಂದು ವಿರುದ್ಧವಾಗಲಾರವು ಎಂಬ ಥಾಮಸನ ಮಾತಿಗೆ ಇದು ಹತ್ತಿರ. ಹತ್ತಿರವೆಂದು ಎರಡನ್ನೂ ಒಂದೇ ಮಾಡಿದವರಿಗೆ ಅಂಕ ಕಡಿತ. ವೇದ ಅಪೌರುಷೇಯ, ಅದಕ್ಕೆ ಹೇಳಿದವನಿಲ್ಲ. ಕ್ರೈಸ್ತರ ಬಲಗಡೆಯ ಕಾಲಮ್ಮಿನಲ್ಲಿ ಹೇಳಿದವನಿದ್ದಾನೆ, ಊರಿದೆ, ಕಾಲವಿದೆ, ‘ಪೊಂತ್ಯ ಪಿಲಾತನ ಕಾಲದಲ್ಲಿ’ ಎಂದು ಅವರು ಪಠಿಸುವ ವಿಶ್ವಾಸಪ್ರಮಾಣದಲ್ಲೇ ಒಬ್ಬ ರೋಮನ್ ಅಧಿಕಾರಿಯ ಹೆಸರಿದೆ. ಒಂದು ಕಾಲದಲ್ಲಿ ನಡೆದದ್ದನ್ನು ತರ್ಕದಿಂದ ಹುಟ್ಟಿಸಲು ಬರುವುದಿಲ್ಲ, ಯಾರಾದರೂ ಬಂದು ಹೇಳಬೇಕು.

ಹಾಗಿದ್ದರೆ ಬಲಗಡೆಯವರಿಗೆ ತತ್ತ್ವಶಾಸ್ತ್ರವೇಕೆ ಬೇಕಾಯಿತು? ಇದಕ್ಕೆ ಮೇಷ್ಟ್ರ ಉತ್ತರ ಕ್ರಿ.ಶ. 325ರಲ್ಲಿ ನಿಕಾಯ ಎಂಬ ಊರಿನಲ್ಲಿ ಬಿಷಪ್ಪರು ಸೇರಿದ ಸಭೆ. ಮಗನು, ಅಂದರೆ ಯೇಸು, ತಂದೆಯಿಂದ ಸೃಷ್ಟಿಯಾದವನು ಎಂದ ಅರಿಯೂಸನೆಂಬ ಪಾದ್ರಿಯೂ ಅವನ ವಿರೋಧಿಗಳೂ ಓದುತ್ತಿದ್ದುದು ಅದೇ ಬೈಬಲ್. ಬೈಬಲಿನ ಯಾವ ಮಾತು ಮುಂದಿಟ್ಟರೂ ಅರಿಯೂಸನ ಕಡೆಯವರು ತಮ್ಮ ಅರ್ಥ ತುಂಬಿ ಒಪ್ಪಿಬಿಡುತ್ತಿದ್ದರು. ಕಡೆಗೆ ಬೈಬಲಿನಲ್ಲಿಲ್ಲದ ಒಂದು ಗ್ರೀಕ್ ಪದ ತರಬೇಕಾಯಿತು: ಹೋಮೋಊಸಿಯೋಸ್, ಏಕಸತ್ತ್ವದವನು. ಬೈಬಲಿನ ಅರ್ಥವನ್ನು ಕಾಯಲು ಬೈಬಲಿನ ಹೊರಗಿನ ಪದ! ಅಲ್ಲಿಗೆ ಮುಗಿಯಲಿಲ್ಲ. ಊಸಿಯ, ಹುಪೋಸ್ತಾಸಿಸ್ ಎಂಬೆರಡು ಪದಗಳು ಆಗ ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಓಡಾಡುತ್ತಿದ್ದವು. ಅವನ್ನು ಬೇರೆ ಮಾಡಿ ಒಂದು ಊಸಿಯ (ಸತ್ತ್ವ), ಮೂರು ಹುಪೋಸ್ತಾಸಿಸ್ (ವ್ಯಕ್ತಿ) ಎಂದು ನೆಲೆ ಮಾಡುವಷ್ಟರಲ್ಲಿ ಅರ್ಧ ಶತಮಾನ ಕಳೆಯಿತು. ಲ್ಯಾಟಿನ್ನಿನವರ ಕಿವಿಗೆ ‘ಮೂರು ಹುಪೋಸ್ತಾಸಿಸ್’ ಎಂದರೆ ಮೂರು ದ್ರವ್ಯವೆಂದೇ ಕೇಳಿಸುತ್ತಿತ್ತು. ಕನ್ನಡದಲ್ಲಿ ‘ಮೂರು ವ್ಯಕ್ತಿ’ ಎಂದೊಡನೆ ನಮಗೆ ಮೂರು ಜನ ಕಾಣುವ ಹಾಗೆ.

ಆದಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ‘ಅಸಂಬದ್ಧವಾದ್ದರಿಂದಲೇ ನಂಬುತ್ತೇನೆ’ ಎಂದನೆಂದು ಯಾರಾದರೂ ಬರೆದರೆ ಕೆಂಪು ಶಾಯಿ. ಆ ವಾಕ್ಯ ಅವನ ಪುಸ್ತಕದಲ್ಲಿ ಆ ರೂಪದಲ್ಲಿಲ್ಲ. ಅಥೆನ್ಸಿಗೂ ಜೆರೂಸಲೇಮಿಗೂ, ಅಂದರೆ ತತ್ತ್ವಶಾಸ್ತ್ರಕ್ಕೂ ನಂಬಿಕೆಗೂ, ಏನು ಸಂಬಂಧ ಎಂದು ಕೇಳಿದವನು ಮಾತ್ರ ಅವನೇ.

ಇನ್ನು ರಜೆ ಅರ್ಜಿಯ ಪ್ರಸಂಗ. ದೇವರೆಂದರೆ ಅದಕ್ಕಿಂತ ದೊಡ್ಡದನ್ನು ಊಹಿಸಲಾಗದಂಥದ್ದು, ಆದ್ದರಿಂದ ಅದು ನಿಜವಾಗಿಯೂ ಇರಲೇಬೇಕು ಎಂಬ ಆನ್ಸೆಲ್ಮನ (ಥಾಮಸನಿಗಿಂತ ಹಿಂದಿನ ಕ್ರೈಸ್ತ ಚಿಂತಕ) ವಾದದ ಪಾಠ ಮುಗಿದ ಮರುದಿನ, ಸುರಿಯುವ ಮಳೆಯಲ್ಲಿ, ಹಿಂದಿನ ಬೆಂಚಿನವರು ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ‘ಇದಕ್ಕಿಂತ ದೊಡ್ಡದನ್ನು ಊಹಿಸಲಾಗದಂಥ ರಜೆ ನಮ್ಮ ಮನಸ್ಸಿನಲ್ಲಿದೆ. ಅದು ಮನಸ್ಸಿನಲ್ಲಿ ಮಾತ್ರ ಇದ್ದರೆ, ನಿಜವಾಗಿಯೂ ಇರುವ ರಜೆ ಅದಕ್ಕಿಂತ ದೊಡ್ಡದಾಗುತ್ತದೆ. ಆದ್ದರಿಂದ ಅದು ನಿಜವಾಗಿಯೂ ಇರಲೇಬೇಕು. ಆದ್ದರಿಂದ ಈ ದಿನ ರಜೆ.’ ಕೆಳಗೆ ಹನ್ನೊಂದು ಸಹಿ.

ಮೇಷ್ಟ್ರು ಪೂರ್ತಿ ಓದಿದರು. ಇದು ಗೌನಿಲೋ ಎಂಬ ಸನ್ಯಾಸಿ ಆನ್ಸೆಲ್ಮನಿಗೆ ಒಡ್ಡಿದ ಕಳೆದುಹೋದ ದ್ವೀಪದ ಆಕ್ಷೇಪವೇ, ಚೆನ್ನಾಗಿ ಕಟ್ಟಿದ್ದೀರಿ ಎಂದು ಹತ್ತಕ್ಕೆ ಏಳು ಕೊಟ್ಟರು. ಮೂರು ಏಕೆ ಹೋಯಿತೆಂದು ಇನ್ನೊಂದು ಹಾಳೆಯಲ್ಲಿ ಬರೆದರು: ರಜೆಗೆ ಮೊದಲೂ ಕೊನೆಯೂ ಇದೆ, ಮೊದಲು–ಕೊನೆ ಇರುವುದು ಏನೇ ಆಗಲಿ ಇಲ್ಲವೆಂದು ಊಹಿಸಬಹುದು, ಆನ್ಸೆಲ್ಮನ ವಾದ ಇಲ್ಲವೆಂದು ಊಹಿಸಲೂ ಆಗದ ಒಂದಕ್ಕೆ ಮಾತ್ರ ಸಲ್ಲುತ್ತದೆ. ಹಾಗೆಂದು ಆನ್ಸೆಲ್ಮ್ ಗೆದ್ದನೆಂದಲ್ಲ, ಥಾಮಸನೂ ಅವನನ್ನು ಒಪ್ಪಲಿಲ್ಲ. 1781ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಇರವು ಒಂದು ಗುಣವೇ ಅಲ್ಲವೆಂದು ಬೇರೆ ಕಡೆಯಿಂದ ಹೊಡೆದ ಎಂದೂ ಸೇರಿಸಿದರು. ಆಮೇಲೆ ಎರಡು ಹಾಳೆಗಳನ್ನೂ ಕೂಡಿಸಿ ಪಿನ್ ಮಾಡಿದರು. ತನ್ನ ಪುಸ್ತಕ ನಕಲು ಮಾಡುವವರು ಗೌನಿಲೋನ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಜೊತೆಗೇ ಬರೆಯಬೇಕೆಂದು ಆನ್ಸೆಲ್ಮ್ ಹೇಳಿದ್ದನಂತೆ, ಅದಕ್ಕೇ. ರಜೆ ಸಿಗಲಿಲ್ಲ.

ಈಗಿನ ಪ್ರಶ್ನೆಪತ್ರಿಕೆಗಳಲ್ಲಿ ನಿಕಾಯ ಸಭೆ ನಡೆದ ವರ್ಷ ಕೇಳುತ್ತಾರೆ, ನಾಲ್ಕು ಆಯ್ಕೆ ಕೊಡುತ್ತಾರೆ. ಹೋಮೋಊಸಿಯೋಸ್ ಎಂಬ ಪದ ಏಕೆ ಬೇಕಾಯಿತೆಂದು ಕೇಳುವುದಿಲ್ಲ. ಎಷ್ಟೋ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ವಿಭಾಗವೇ ಇಲ್ಲ. ಪಿಡಿಎಫ್ ನೋಟ್ಸಿನಲ್ಲಿ ಆಕ್ಷೇಪವನ್ನು ಬಿಟ್ಟು ಉತ್ತರವನ್ನಷ್ಟೇ ಕೊಡುವುದನ್ನು ಕಂಡಾಗ ಸಂಕಟವಾಗುತ್ತದೆ. ನಮ್ಮ ಬ್ಯಾಚಿನಿಂದ ವಕೀಲರಾದವರು, ಮೇಷ್ಟ್ರಾದವರು, ಒಬ್ಬರು ಪಾದ್ರಿಯೂ ಆದವರು, ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡುತ್ತಾರೆಂದು ಊರಲ್ಲಿ ಹೆಸರಿದೆ. ಅದು ಆ ಕೋಣೆಯಲ್ಲಿ ಬಂದದ್ದು.

ಆ ಅರ್ಜಿ ಯಾರ ಬಳಿ ಉಳಿದಿದೆಯೋ ಗೊತ್ತಾಗಿಲ್ಲ. ಹನ್ನೊಂದು ಜನರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಪೆಟ್ಟಿಗೆ, ಅಟ್ಟ ಹುಡುಕಿ ನೋಡಿ. ಸಿಕ್ಕರೆ ಜೆರಾಕ್ಸ್ ಮಾಡಿಸಿ ಗ್ರಂಥಾಲಯಕ್ಕೆ ಕೊಡಿ. ಮೇಷ್ಟ್ರ ಉತ್ತರದ ಹಾಳೆಯನ್ನೂ ಅದರ ಜೊತೆಗೇ ಪಿನ್ ಮಾಡಿ ಕೊಡಿ.