ಅರ್ಧ ಲೀಟರಿಗೆ 18 ಯೂರೊ

ಮ್ಯಾಡ್ರಿಡ್‌ನಿಂದ ತುಮಕೂರಿಗೆ ಹೊರಡುವ ಹೊತ್ತಿಗೆ ನೆಂಟರ ಪಟ್ಟಿ ಬರುತ್ತದೆ. ಆಲಿವ್ ಎಣ್ಣೆ ಅದರಲ್ಲಿ ಇದ್ದೇ ಇರುತ್ತದೆ. ‘ದುಡ್ಡು ಎಷ್ಟಾದ್ರೂ ಆಗ್ಲಿ, ಒಳ್ಳೇದೇ ತಗೊಂಡ್ ಬಾ’ ಅಂತಾರೆ ಚಿಕ್ಕಮ್ಮ. ಯಾವುದಕ್ಕೆ ಅಂದರೆ, ‘ಒಗ್ಗರಣೆಗೆ.’

ಹಾಗಾದರೆ ಬೇಡ ಚಿಕ್ಕಮ್ಮ.

ದುಬಾರಿ ಎಣ್ಣೆಯಲ್ಲಿ ನಾವು ದುಡ್ಡು ಸುರಿಯುವುದು ಅದರ ಘಮಕ್ಕೆ. ಸಾಸಿವೆ ಸಿಡಿಯುವಷ್ಟು ಕಾಯಿಸಿದರೆ ಅದರ ಬಹುಪಾಲು ಚಿಮಣಿಗೆ ಹೋಗುತ್ತದೆ, ಉಳಿದದ್ದನ್ನು ಇಂಗು ನುಂಗುತ್ತದೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆಯೇ ಸರಿ. (ಕಾಯಿಸಿದರೆ ವಿಷವಾಗುತ್ತದೆ ಅನ್ನುವುದು ಮಾತ್ರ ಸುಳ್ಳು. ಇಲ್ಲಿಯವರು ಮೊಟ್ಟೆ, ಆಲೂಗಡ್ಡೆ ಎಲ್ಲ ಕರಿಯುವುದು ಆಲಿವ್ ಎಣ್ಣೆಯಲ್ಲೇ.)

ಎಕ್ಸ್‌ಟ್ರಾ ವರ್ಜಿನ್ (ಆಲಿವ್ ಎಣ್ಣೆಯಲ್ಲೇ ಮೇಲ್ದರ್ಜೆಯದು) ಅನ್ನಿಸಿಕೊಳ್ಳಲು ಆಮ್ಲೀಯತೆ ಶೇ. 0.8 ದಾಟಬಾರದು. ಅಷ್ಟೇ ಸಾಲದು, ಪಳಗಿದ ರುಚಿಗಾರರ ತಂಡವೊಂದು ಕುಡಿದು ನೋಡಿ, ದೋಷವೇ ಇಲ್ಲ ಎನ್ನಬೇಕು. ಬಣ್ಣಕ್ಕೆ ಮರುಳಾಗದಿರಲಿ ಎಂದು ಅವರಿಗೆ ನೀಲಿ ಗಾಜಿನ ಪುಟ್ಟ ಲೋಟದಲ್ಲಿ ಕೊಡುತ್ತಾರೆ. ನಮ್ಮಲ್ಲಿ ಮಾರುವ ‘ಎಕ್ಸ್‌ಟ್ರಾ ಲೈಟ್’ ಈ ಸಾಲಿಗೆ ಸೇರಿದ್ದಲ್ಲ, ಅದು ಬಹುಪಾಲು ರಿಫೈನ್ಡ್ ಎಣ್ಣೆ. ಲೈಟ್ ಆಗಿರುವುದು ರುಚಿ. ಕ್ಯಾಲೊರಿ ಚೂರೂ ಕಮ್ಮಿಯಿಲ್ಲ.

ನನ್ನ ಮನೆಯ 18 ಯೂರೊ ಸೀಸೆ ಸ್ಪೇನಿನ ಹಾಯೆನ್ ಪ್ರಾಂತ್ಯದ್ದು, ಪಿಕ್ವಾಲ್ ಅನ್ನುವ ಆಲಿವ್ ತಳಿ. ಕಾಯಿ ಇನ್ನೂ ಹಸಿರಿರುವಾಗಲೇ, ಅಕ್ಟೋಬರಿನಲ್ಲೇ ಕೊಯ್ದು ತೆಗೆದದ್ದು. ಬೆಲೆಯ ಗುಟ್ಟು ಅಲ್ಲಿದೆ: ಹಸಿರು ಕಾಯಿ ಎಣ್ಣೆ ಕಮ್ಮಿ ಬಿಡುತ್ತದೆ, ಲೀಟರಿಗೆ 8–10 ಕಿಲೊ ಬೇಕಾಗುತ್ತದೆ. ಮುಚ್ಚಳ ತೆಗೆದರೆ ಟೊಮ್ಯಾಟೊ ಗಿಡದ ಎಲೆ ಹಿಸುಕಿದ ವಾಸನೆ.

ಅಮ್ಮ ಬಂದಿದ್ದಾಗ ಒಂದು ಚಮಚ ಕೊಟ್ಟೆ. ಕೆಮ್ಮಿದಳು. ‘ಕಾಳುಮೆಣಸು ಹಾಕಿದ್ದೀಯೇನೇ?’ ಹಾಕಿರಲಿಲ್ಲ. ಗಂಟಲಲ್ಲಿ ಚುರ್ರೆನ್ನಿಸುವುದು ಓಲಿಯೊಕ್ಯಾಂಥಾಲ್ ಎಂಬ ಅಂಶ, ಒಳ್ಳೆಯ ತಾಜಾ ಎಣ್ಣೆಯ ಗುರುತು. ಇದು ಪ್ರಯೋಗಾಲಯದಲ್ಲಿ ಐಬುಪ್ರೊಫೇನ್ ಮಾತ್ರೆಯ ರೀತಿ ಕೆಲಸ ಮಾಡುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಮಂಡಿನೋವಿಗೆಂದು ಸೀಸೆ ಖಾಲಿ ಮಾಡುತ್ತಿದ್ದಳು.

ಈ ಎಣ್ಣೆಯನ್ನು ಹಸಿಯಾಗಿಯೇ ತಿನ್ನಬೇಕು. ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮ್ಯಾಟೊ, ಉಪ್ಪು, ಮೇಲೆ ಧಾರಾಳವಾಗಿ ಎಣ್ಣೆ: ದಕ್ಷಿಣ ಸ್ಪೇನಿನ ಆಂಡಲೂಸಿಯಾದವರ ಬೆಳಗಿನ ತಿಂಡಿ. ಹೆಸರುಬೇಳೆ ಕೋಸಂಬರಿಗೆ ಒಗ್ಗರಣೆ ಬಿಟ್ಟು ಇದನ್ನೇ ಹಾಕಿದರೂ ಹೊಂದುತ್ತದೆ, ನಿಂಬೆ ಮಾತ್ರ ಸ್ವಲ್ಪ ಹಿಡಿತದಲ್ಲಿರಲಿ. ಚಟ್ನಿಪುಡಿಗೆ ಬೇಡವೇ ಬೇಡ, ಎರಡೂ ಜಗಳಕ್ಕೆ ನಿಲ್ಲುತ್ತವೆ.

ದಿನದ ಅಡುಗೆಗೆ ನಾನು ಸೂಪರ್‌ಮಾರ್ಕೆಟ್ಟಿನ ಸಾದಾ ಎಕ್ಸ್‌ಟ್ರಾ ವರ್ಜಿನ್ನೇ ತರುವುದು. ಬರಗಾಲದ ಬೆಳೆಯಿಂದಾಗಿ 2024ರ ಆರಂಭದಲ್ಲಿ ಅದೂ ಲೀಟರಿಗೆ 9 ಯೂರೊ ಮುಟ್ಟಿ, ಅಂಗಡಿಗಳಲ್ಲಿ ಸೀಸೆಗಳ ಕತ್ತಿಗೆ ಕಳ್ಳತನ ತಡೆಯುವ ಅಲಾರಂ ಬಿದ್ದಿತ್ತು! ದುಬಾರಿಯದ್ದು ಚಳಿಗಾಲಕ್ಕೆ ಒಂದೇ, ಹೊಸ ಕೊಯ್ಲು ಬಂದಾಗ. ಕೊಳ್ಳುವಾಗ ಮೆಡಲ್ ಚಿತ್ರಗಳನ್ನು ಬಿಟ್ಟು ಕೊಯ್ಲಿನ ತಾರೀಖು ಹುಡುಕುತ್ತೇನೆ. ಎರಡು ವರ್ಷ ಹಳೆಯದಾದರೆ 18 ಯೂರೊದ್ದಾದರೂ ಅಲ್ಲೇ ಇಟ್ಟು ಬರುತ್ತೇನೆ.