ದಾವಣಗೆರೆ ಬಾರಲ್ಲಿ ಕಾಕ್‌ಟೇಲ್: ಕೊಟ್ಟ ದುಡ್ಡಿಗೆ ಸಿಗಬೇಕಾದ್ದು

ಪಿ.ಬಿ. ರಸ್ತೆ ಕಡೆಯ ಯಾವುದಾದರೂ ಬಾರಲ್ಲಿ ಕೂತು ಮೆನು ತೆರೆದಾಗ ಮೊದಲು ಒಂದು ಲೆಕ್ಕ ಹಾಕಿ. ಕಾಕ್‌ಟೇಲ್‌ಗೆ ಹಾಕುವ ಬ್ರ್ಯಾಂಡಿನ ಲಾರ್ಜ್ (60 ಮಿ.ಲೀ.) ಎಷ್ಟು, ಫ್ರೆಶ್ ಲೈಮ್ ಸೋಡಾ ಎಷ್ಟು, ಎರಡೂ ಕೂಡಿಸಿ. ಕಾಕ್‌ಟೇಲ್ ಬೆಲೆ ಅದರ ಆಸುಪಾಸಿನಲ್ಲಿದ್ದರೆ ಸರಿ. ತುಂಬಾ ಮೇಲಿದ್ದರೆ ಆ ಹೆಚ್ಚಿನ ದುಡ್ಡು ಐಸ್, ನಿಂಬೆ, ಅಳತೆ ಈ ಮೂರರಲ್ಲಿ ಕಾಣಿಸಬೇಕು. ಎಷ್ಟು ಮಿ.ಲೀ. ಹಾಕ್ತೀರಿ ಅಂತ ಆರ್ಡರ್‌ಗೆ ಮುಂಚೆಯೇ ಕೇಳಿ, ಮೆನುವಿನಲ್ಲಿ ಬರೆದಿರೋದಿಲ್ಲ. 30 ಅಂದರೆ ಬಿಟ್ಟುಬಿಡಿ.

ಉದಾಹರಣೆಗೆ ವಿಸ್ಕಿ ಸಾರ್ (sour, ಅಂದರೆ ಹುಳಿ) ತಗೊಳ್ಳಿ. 60 ಮಿ.ಲೀ. ವಿಸ್ಕಿ, 25 ಮಿ.ಲೀ. ನಿಂಬೆರಸ, ಸಮಸಮ ಸಕ್ಕರೆ-ನೀರಿನ ಸಿರಪ್ 20 ಮಿ.ಲೀ. ಶೇಕರ್ ತುಂಬ ಐಸ್ ಹಾಕಿ 12–15 ಸೆಕೆಂಡ್ ಜೋರಾಗಿ ಅಲ್ಲಾಡಿಸಿ ಸೋಸಬೇಕು. ಅಷ್ಟರಲ್ಲಿ ಸುಮಾರು 30 ಮಿ.ಲೀ. ಐಸ್ ಕರಗಿ ಸೇರಿಕೊಳ್ಳುತ್ತೆ. ಅದು ಮೋಸದ ನೀರಲ್ಲ, ಲೆಕ್ಕದ ನೀರು. ನಮ್ಮ ವಿಸ್ಕಿ ಬಾಟಲಿ ಮೇಲೆ ಆಲ್ಕೋಹಾಲ್ 42.8% ಅಂತ ಇರುತ್ತೆ, ಗ್ಲಾಸಿಗೆ ಬರುವಾಗ 19%ರ ಹತ್ತಿರ. ಅಲ್ಲಿಗೆ ಇಳಿದ ಮೇಲೇ ಗಂಟಲು ಉರಿಯದೆ ಹುಳಿ-ಸಿಹಿ ನಾಲಿಗೆಗೆ ಸಿಗೋದು. ಆಲ್ಕೋಹಾಲ್ ಇರೋದರಿಂದ ಅದು ಹೆಪ್ಪುಗಟ್ಟದೆ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ತಣ್ಣಗಾಗುತ್ತೆ, ಮೇಲೆ ತೆಳ್ಳಗೆ ನೊರೆ ನಿಲ್ಲುತ್ತೆ. ಮನೆಯಲ್ಲಿ ಚಮಚದಿಂದ ಕಲಸಿದರೆ ಇದು ಬರೋದಿಲ್ಲ. ಬಾರಿಗೆ ದುಡ್ಡು ಕೊಡಬೇಕಾದ್ದು ಇದಕ್ಕೇ. (ಕೆಲವರು ಮೊಟ್ಟೆಯ ಬಿಳಿಭಾಗ ಸೇರಿಸ್ತಾರೆ. ಸಸ್ಯಾಹಾರಿಗಳು ಮೊದಲೇ ಕೇಳಿ.)

"ಐಸ್ ಕಮ್ಮಿ ಹಾಕ್ರಿ" ಅನ್ನೋದು ನಮ್ಮೂರಲ್ಲಿ ಬಾಯಿಪಾಠ. ಐಸ್ ತುಂಬಿದರೆ ಎಣ್ಣೆ ಕಮ್ಮಿ ಆಗುತ್ತೆ ಅನ್ನೋ ಅನುಮಾನ. ಅಳೆದು ಹಾಕುವ ಡ್ರಿಂಕಲ್ಲಿ 60 ಅಂದರೆ 60, ಐಸ್ ಎಷ್ಟಿದ್ದರೂ ಅಷ್ಟೇ. ನಾಲ್ಕು ತುಂಡು ಹಾಕಿಸಿಕೊಂಡರೆ ನಾಲ್ಕೂ ಬೇಗ ಕರಗಿ ನೀರೂ ಆಗುತ್ತೆ, ಬಿಸಿಯೂ ಆಗುತ್ತೆ. ತುಂಬಿದ ಗ್ಲಾಸಲ್ಲಿ ತುಂಡುಗಳು ಒಂದನ್ನೊಂದು ತಣ್ಣಗಿಟ್ಟು ನಿಧಾನಕ್ಕೆ ಕರಗುತ್ತವೆ. ನೋಡಬೇಕಾದ್ದು ಐಸ್ ಬಕೆಟ್ಟನ್ನು. ಏಪ್ರಿಲ್-ಮೇ ಬಿಸಿಲಲ್ಲಿ ಅದರ ತಳದಲ್ಲಿ ನೀರು ನಿಂತು ಐಸ್ ತೇಲ್ತಾ ಇರುತ್ತೆ. ಆ ಒದ್ದೆ ಐಸ್ ಶೇಕರ್‌ಗೆ ಬಿದ್ದರೆ ಡ್ರಿಂಕ್ ತಣ್ಣಗಾಗುವ ಮುಂಚೆಯೇ ನೀರು ಸೇರಿಬಿಡುತ್ತೆ. ಹಾಗಾಗಿ ಕೌಂಟರ್ ಕಾಣುವ ಟೇಬಲ್ ಹಿಡಿಯಿರಿ.

ಬೇಸಿಗೆಯಲ್ಲಿ ನಿಂಬೆ ರೇಟ್ ಏರಿದಾಗ ಕೆಲವರು ಹಣ್ಣು ಬಿಟ್ಟು ಬಾಟಲಿ ಲೈಮ್ ಕಾರ್ಡಿಯಲ್‌ಗೆ ಹೋಗ್ತಾರೆ. ಅದರಲ್ಲಿ ಸಕ್ಕರೆ ಮೊದಲೇ ಇರುತ್ತೆ. ಮೇಲೆ ಸಿರಪ್ಪೂ ಬಿದ್ದರೆ ಪಾನಕವೇ. "ಅಣ್ಣಾ, ನಿಂಬೆಹಣ್ಣು ಈಗ ಹಿಂಡಿ ಹಾಕ್ತೀರೋ, ಬಾಟ್ಲಿದೋ?" ಅಂತ ಕೇಳಿದರೆ ಸಾಕು. ಬಾಟ್ಲಿದು ಅಂದರೆ ಲಾರ್ಜ್-ಸೋಡಾ ಹೇಳಿ, ದುಡ್ಡು ಉಳಿಯುತ್ತೆ. ಬೆಳಿಗ್ಗೆ ಹಿಂಡಿಟ್ಟ ರಸವೂ ರಾತ್ರಿ ಹೊತ್ತಿಗೆ ಘಮ ಕಳಕೊಂಡಿರುತ್ತೆ.

ಮೊಹಿಟೊದಲ್ಲಿ (ವೈಟ್ ರಮ್, ನಿಂಬೆ, ಪುದೀನ, ಸೋಡಾದ ಕಾಕ್‌ಟೇಲ್) ಪುದೀನ ಮೆಲ್ಲಗೆ ಒತ್ತಬೇಕು. ಚಟ್ನಿಗೆ ಅರೆದ ಹಾಗೆ ಜಜ್ಜಿದರೆ ಕಹಿ.

ವೋಡ್ಕಾಗೆ ಸ್ಪ್ರೈಟ್ ಸುರಿದು ಹೆಸರಿಟ್ಟದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ; ಅದನ್ನು ಟೇಬಲ್ ಮೇಲೆ ನೀವೇ ಮಾಡಬಹುದು. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಮಾತ್ರ ಯೋಚನೆ ಮಾಡಿ ಹೇಳಿ. ವೋಡ್ಕಾ, ಜಿನ್, ವೈಟ್ ರಮ್, ಟಕೀಲಾ, ಕಿತ್ತಳೆ ಲಿಕ್ಯೂರ್ (ಸಿಹಿ ಮದ್ಯ) ತಲಾ 15 ಮಿ.ಲೀ., ಒಟ್ಟು 75. ಆಮೇಲೆ ನಿಂಬೆ, ಸಿರಪ್, ಕೋಲಾ. ಟಕೀಲಾ ಬದಲು ಇನ್ನಷ್ಟು ವೋಡ್ಕಾ ಬಿದ್ದರೂ ಕೋಲಾ ಎಲ್ಲ ಮುಚ್ಚಿಹಾಕುತ್ತೆ. ಕೌಂಟರ್ ಹಿಂದೆ ಆ ಐದು ಬಾಟಲಿ ಕಣ್ಣಿಗೆ ಬೀಳದಿದ್ದರೆ ವಿಸ್ಕಿ ಸಾರ್ ಹೇಳಿ.