ಸೆಲ್ಫ್ ಕೇರ್ ಅಂತ ಮಕ್ಕಳು ಬಿಡಿಸಿದ್ದು

ಹೈಸ್ಕೂಲ್ ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ಇದೆ, ಜಡ್ಜ್ ಆಗಿ ಬರ್ತೀರಾ ಅಂತ ಫೋನ್ ಬಂದಾಗ ಖುಷಿಯಿಂದ್ಲೇ ಒಪ್ಕೊಂಡೆ. ವಿಷಯ ಸೆಲ್ಫ್ ಕೇರ್ ಅಂದ್ರು. ಜುಲೈ 24 ಅಂತಾರಾಷ್ಟ್ರೀಯ ಸೆಲ್ಫ್ ಕೇರ್ ದಿನ, ದಿನದ 24 ಗಂಟೆ ವಾರದ 7 ದಿನಾನೂ ನಮ್ಮನ್ನ ನಾವು ನೋಡ್ಕೋಬೇಕು ಅನ್ನೋ ಲೆಕ್ಕದಲ್ಲಿ ಏಳನೇ ತಿಂಗಳಿನ 24ನೇ ತಾರೀಖು ಇಟ್ಟಿರೋದು, ಅದಕ್ಕೇ ಈ ಸ್ಪರ್ಧೆ. ಎರಡು ಗಂಟೆ ಟೈಮ್, ಒಂದು ಎ3 ಡ್ರಾಯಿಂಗ್ ಶೀಟ್, ಬಣ್ಣ ಯಾವುದಾದ್ರೂ ಸರಿ, ಶೀಟ್ ಹಿಂದ್ಗಡೆ ಚಿತ್ರದ ಬಗ್ಗೆ ಎರಡ್ಮೂರು ಸಾಲು ಬರೀಬೇಕು, ಇಷ್ಟೇ ರೂಲ್ಸು. ಜಡ್ಜ್‌ಗಳು ಮೂರು ಜನ, ನಾನು, ಒಬ್ರು ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ರು ಮಕ್ಕಳ ಕೌನ್ಸೆಲರ್.

ಮೊದಲರ್ಧ ಗಂಟೆ ಸಾಲು ಸಾಲು ಓಡಾಡ್ಕೊಂಡು ನೋಡ್ತಾ ಇದ್ದೆ. ಹೆಚ್ಚುಕಮ್ಮಿ ಎಲ್ಲಾ ಶೀಟಲ್ಲೂ ಒಂದೇ ಥರ ಬರ್ತಾ ಇತ್ತು. ಕಣ್ಣು ಮುಚ್ಚಿ ಕೂತಿರೋ ಹುಡುಗಿ, ಹಿಂದೆ ಹುಟ್ಟೋ ಸೂರ್ಯ. ಎರಡು ಕೈ ಹಿಡ್ಕೊಂಡಿರೋ ಕೆಂಪು ಹೃದಯ. ಮೆದುಳಿಂದ ಅರಳ್ತಾ ಇರೋ ಹೂವು. ಕೆಲವರ ಕೈಯಂತೂ ತುಂಬಾ ಪಳಗಿದ್ದು, ಶೇಡಿಂಗ್ ನೋಡಿದ್ರೆ ಸಂತೋಷ ಆಗೋದು. ಆದ್ರೆ ಆ ಹುಡುಗಿ ಯಾರು? ಬಿಡಿಸ್ತಾ ಇರೋ ಮಗು ಯಾವತ್ತಾದ್ರೂ ಹಾಗೆ ಸೂರ್ಯನ ಮುಂದೆ ಕೂತಿದ್ಯಾ? ಪೋಸ್ಟರ್‌ಗಳಲ್ಲಿ, ಫೋನಲ್ಲಿ ದೊಡ್ಡವರು ತೋರಿಸಿರೋದು ಅದೇ ಚಿತ್ರ, ಸೆಲ್ಫ್ ಕೇರ್ ಅಂದ್ರೆ ಹಿಂಗಿರುತ್ತೆ ಅಂತ, ಮಕ್ಕಳು ಅದನ್ನೇ ವಾಪಸ್ ಕೊಡ್ತಾ ಇದ್ರು.

ಕೌನ್ಸೆಲರ್ ಮೇಡಂಗೂ ಅದೇ ಅನ್ನಿಸಿತ್ತು. ನಡೆಸೋರ ಹತ್ರ ಒಂದ್ನಿಮಿಷ ಕೇಳ್ಕೊಂಡು ಹಾಲ್ ಮಧ್ಯೆ ನಿಂತು ಹೇಳಿದ್ರು, "ತುಂಬಾ ಸುಸ್ತಾಗಿದೆ, ಮನಸ್ಸೂ ಸರಿ ಇಲ್ಲ, ಯಾರೂ ನಿಮ್ಮನ್ನ ನೋಡ್ತಾ ಇಲ್ಲ, ಆಗ ನೀವು ನಿಜವಾಗ್ಲೂ ಏನ್ ಮಾಡ್ತೀರೋ ಅದನ್ನೂ ಬಿಡಿಸಬಹುದು. ಚೆಂದ ಕಾಣ್ಲೇಬೇಕು ಅಂತಿಲ್ಲ. ಬೇಕಾದವರಿಗೆ ಇನ್ನೊಂದು ಶೀಟ್ ಕೊಡ್ತೀವಿ, ಟೈಮೂ ಅರ್ಧ ಗಂಟೆ ಜಾಸ್ತಿ ಮಾಡ್ತೀವಿ." ಸ್ವಲ್ಪ ಹೊತ್ತು ಯಾರೂ ಅಲ್ಲಾಡ್ಲಿಲ್ಲ. ಆಮೇಲೆ ಹಿಂದಿನ ಬೆಂಚಿಂದ ಒಬ್ಬ ಹುಡುಗ "ಮೇಡಂ, ಮನುಷ್ಯರು ಇರ್ಲೇಬೇಕಾ ಚಿತ್ರದಲ್ಲಿ?" ಅಂತ ಕೇಳ್ದ. ಬೇಡ ಅಂದ್ರು. ಅಲ್ಲಿಂದ ಹೊಸ ಶೀಟ್ ಕೇಳೋರು ಶುರುವಾದ್ರು.

ಆ ಹುಡುಗ ಬಿಡಿಸಿದ್ದು ಬರೀ ಮೆಟ್ಟಿಲು. ಚಾರ್ಕೋಲ್‌ನಲ್ಲಿ, ಎರಡು ಮಹಡಿ ಮಧ್ಯೆ ಮೆಟ್ಟಿಲು ತಿರುಗೋ ಜಾಗ. ಹಿಂದೆ ಬರೆದಿದ್ದು: "ಇಲ್ಲಿ ಕೂತ್ರೆ ನಾನು ಮೇಲಿದೀನಿ ಅಂತ ಕೆಳಗಿನವರು ಅಂದ್ಕೋತಾರೆ, ಕೆಳಗಿದೀನಿ ಅಂತ ಮೇಲಿನವರು." ಇನ್ನೊಬ್ಳು ಒದ್ದೆ ಪೇಪರ್ ಮೇಲೆ ವಾಟರ್ ಕಲರ್ ಹರಿಯೋಕೆ ಬಿಟ್ಟು ಒಳಗಡೆಯಿಂದ ಕಾಣೋ ಮುಚ್ಚಿದ ಬಾಗಿಲು ಮಾಡಿದ್ಲು, ಬಾಗಿಲ ಕೆಳಗಿನ ಸಂದಿಯಲ್ಲಿ ಯಾರದ್ದೋ ಕಾಲಿನ ನೆರಳು. ನಿದ್ದೆ ಬಿಡಿಸಿದವರಂತೂ ಎಷ್ಟೊಂದು ಜನ! ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರೆಯ ತಜ್ಞರು ಹೇಳ್ತಾರೆ, ಆದ್ರೆ ಈ ವಯಸ್ಸಲ್ಲಿ ದೇಹದ ಗಡಿಯಾರನೇ ಹಿಂದಕ್ಕೆ ಸರಿಯುತ್ತೆ, ನಿದ್ದೆ ತರಿಸೋ ಮೆಲಟೋನಿನ್ ಲೇಟಾಗಿ ಏರೋಕೆ ಶುರುವಾಗುತ್ತೆ, ಬೇಗ ಮಲಗು ಅಂದ್ರೂ ಕಣ್ಣು ಹತ್ತಲ್ಲ, ಬೆಳಗ್ಗೆ ಸ್ಕೂಲ್ ಬೆಲ್ ಮಾತ್ರ ಅದೇ ಟೈಮಿಗೆ ಹೊಡೆಯುತ್ತೆ. ನಾವು ಅದನ್ನ ಸೋಮಾರಿತನ ಅಂತೀವಿ. ಇದು ಅನ್ಯಾಯ ಅಂತ ನನಗೆ ಯಾವತ್ತಿಂದಲೂ ಅನ್ಸುತ್ತೆ, ಆ ದಿನ ಅಷ್ಟೊಂದು ದಿಂಬು ಚಾದರಗಳನ್ನ ಒಟ್ಟಿಗೆ ನೋಡಿ ಇನ್ನೂ ಗಟ್ಟಿಯಾಯ್ತು.

ಎಲ್ಲಕ್ಕಿಂತ ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದು ಪೆನ್ಸಿಲ್ ಚಿತ್ರ. ಒಂದು ಹೊಟ್ಟೆ, ಎರಡು ತೊಡೆ, ಎರಡು ತೋಳು, ಮುಖನೇ ಇಲ್ಲ. ಅದರ ಮೇಲೆಲ್ಲಾ ಸ್ಕೆಚ್ ಪೆನ್ನಲ್ಲಿ ಸಣ್ಣ ಸಣ್ಣ ಚುಕ್ಕಿ, ಒಂದೊಂದು ಜಾಗಕ್ಕೆ ಒಂದೊಂದು ಬಣ್ಣ, ಬಾಣದ ಗುರುತು. ಶೀಟ್ ತಿರುಗಿಸಿದ್ರೆ "ನಿನ್ನೆ ಇಲ್ಲಿ, ಇವತ್ತು ಇಲ್ಲಿ, ನಾಳೆ ಇಲ್ಲಿ. ಮರೀಬಾರದು ಅಂತ ಮ್ಯಾಪ್ ಮಾಡ್ಕೊಂಡಿದೀನಿ." ಆ ಹುಡುಗಿಗೆ ಟೈಪ್ 1 ಡಯಾಬಿಟಿಸ್. ದಿನಾ ಇನ್ಸುಲಿನ್ ತಗೋಬೇಕು, ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದ್ರೆ ಚರ್ಮದ ಕೆಳಗೆ ಕೊಬ್ಬು ಗಂಟು ಕಟ್ಟುತ್ತೆ, ಆಮೇಲೆ ಇನ್ಸುಲಿನ್ ಸರಿಯಾಗಿ ಹೀರ್ಕೊಳ್ಳಲ್ಲ, ಅದಕ್ಕೇ ಜಾಗ ಬದಲಾಯಿಸ್ತಾ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಸೆಲ್ಫ್ ಕೇರ್ ಬಗ್ಗೆ ಹೇಳುವಾಗ ಆರೋಗ್ಯ ಕಾಪಾಡ್ಕೊಳ್ಳೋದು, ಕಾಯಿಲೆ ಬರದ ಹಾಗೆ ನೋಡ್ಕೊಳ್ಳೋದರ ಜೊತೆಗೆ ಕಾಯಿಲೆ, ಅಂಗವೈಕಲ್ಯ ಇದ್ರೆ ಅದನ್ನ ನಿಭಾಯಿಸೋದನ್ನೂ ಸೇರಿಸುತ್ತೆ, ಆರೋಗ್ಯ ಸಿಬ್ಬಂದಿ ಜೊತೆಗಿದ್ರೂ ಸರಿ ಇಲ್ದಿದ್ರೂ ಸರಿ. ಪೋಸ್ಟರ್‌ಗಳಲ್ಲಿ ಈ ಭಾಗ ಬರೋದೇ ಕಮ್ಮಿ. ಈ ಹುಡುಗಿ ಅದನ್ನ ತನ್ನ ಮೈ ಮೇಲೇ ಬರ್ಕೊಂಡು ಓಡಾಡ್ತಾಳೆ.

ಮಾರ್ಕ್ಸ್ ಹಾಕೋಕೆ ಕೂತಾಗ ಜಗಳನೇ ಆಯ್ತು ಅನ್ನಿ. ಶೀಟಲ್ಲಿ ನಾಲ್ಕು ಕಾಲಂ, ಸಂಯೋಜನೆ, ಬಣ್ಣ, ವಿಷಯ, ಫಿನಿಶಿಂಗ್, ಒಂದೊಂದಕ್ಕೂ 25. ಆ ಲೆಕ್ಕದಲ್ಲಿ ಮ್ಯಾಪ್ ಮಾಡಿದ ಹುಡುಗಿಗೆ ಬಣ್ಣದಲ್ಲೂ ಫಿನಿಶಿಂಗಲ್ಲೂ ಏನೂ ಸಿಗಲ್ಲ. ಡ್ರಾಯಿಂಗ್ ಮೇಷ್ಟ್ರು ಮುಚ್ಚಿದ ಬಾಗಿಲಿಗೇ ಮೊದಲನೇ ಬಹುಮಾನ ಅಂತ ಕೂತ್ರು, ಒದ್ದೆ ಪೇಪರ್ ಮೇಲೆ ಬಣ್ಣವನ್ನ ಹಾಗೆ ಹಿಡಿತದಲ್ಲಿ ಇಟ್ಕೊಳ್ಳೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು, ಅವರ ಮಾತಲ್ಲಿ ನ್ಯಾಯ ಇತ್ತು. ಕೌನ್ಸೆಲರ್ ಮೇಡಂ ಬೇರೆನೇ ಹೇಳಿದ್ರು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನ ದೊಡ್ಡವರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು ಕೊಟ್ಟು ಮುಂಚೆ ಆಮೇಲೆ ಎಂಜಲು ಪರೀಕ್ಷೆ ಮಾಡಿದ್ರಂತೆ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಇಳಿದಿತ್ತು, ಕೈ ಪಳಗಿದವರಿಗೂ ಬ್ರಷ್ಷೇ ಹಿಡಿಯದವರಿಗೂ ಅದರಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ತುಂಬಾ ಭಾರ ಹಾಕೋಕಾಗಲ್ಲ ಅಂತ ಅವರೇ ಅಂದ್ರು. ಆದ್ರೆ ಚೆನ್ನಾಗಿ ಬಿಡಿಸೋಕೆ ಬರದವರಿಗೂ ಬಿಡಿಸೋದ್ರಿಂದ ನೆಮ್ಮದಿ ಸಿಗುತ್ತೆ ಅಂದ್ರೆ, ಇದೇ ವಿಷಯದ ಸ್ಪರ್ಧೆಯಲ್ಲಿ ಫಿನಿಶಿಂಗ್‌ಗೆ ಕಾಲು ಭಾಗ ಮಾರ್ಕ್ಸ್ ಯಾಕೆ ಅಂತ ಅವರ ಪ್ರಶ್ನೆ. ನನಗೂ ಅದು ಸರಿ ಅನ್ನಿಸ್ತು. ಕೊನೆಗೆ ಮೊದಲನೇ ಬಹುಮಾನ ಮ್ಯಾಪ್‌ಗೂ ಬಾಗಿಲಿಗೂ ಹಂಚಿದ್ವಿ, ಮೆಟ್ಟಿಲಿಗೆ ಎರಡನೇದು.

ಇದರ ಮಧ್ಯೆ ಒಂದು ಶೀಟ್ ಬಂತು, ಪೂರ್ತಿ ಕಪ್ಪು ಆಯಿಲ್ ಪೇಸ್ಟಲ್, ಮೂಲೆಯಲ್ಲಿ ಒಂದು ಚಿಕ್ಕ ಆಕೃತಿ, ಹಿಂದೆ ಏನೂ ಬರೆದಿಲ್ಲ. ನಮ್ಮಿಬ್ಬರಿಗೂ ಗಾಬರಿ ಆಯ್ತು. ಮೇಡಂ ಮಾತ್ರ, ಬಣ್ಣ ನೋಡಿ ಮಗುವಿನ ಮನಸ್ಸು ಹೀಗೇ ಅಂತ ಹೇಳೋಕಾಗಲ್ಲ, ಕೇಳ್ಬೇಕು ಅಷ್ಟೇ ಅಂತ ಎದ್ದು ಹೋಗಿ ಆ ಹುಡುಗನ ಪಕ್ಕ ಕೂತು "ಇದರ ಬಗ್ಗೆ ಸ್ವಲ್ಪ ಹೇಳ್ತೀಯಾ?" ಅಂದ್ರು. "ಕರೆಂಟ್ ಹೋಗಿದೆ ಮೇಡಂ. ಕರೆಂಟ್ ಹೋದ್ರೆ ಓದು ಅಂತ ಯಾರೂ ಅನ್ನಲ್ಲ, ಎಲ್ಲರೂ ಒಂದೇ ಕಡೆ ಕೂತ್ಕೋತೀವಿ, ಅಪ್ಪನೂ ಮಾತಾಡ್ತಾರೆ." ಅವನಿಗೆ ಅದು ಖುಷಿಯ ಚಿತ್ರ. ಅದೇ ಹೊತ್ತಿಗೆ ಹಳದಿ ಹೂವು, ಕಾಮನಬಿಲ್ಲು ತುಂಬಿದ್ದ ಇನ್ನೊಂದು ಚಿತ್ರದ ಹಿಂದಿನ ಸಾಲು ಓದಿ ಮೇಡಂ ಮುಖ ಬದಲಾಯ್ತು. ಏನು ಬರೆದಿತ್ತು ಅಂತ ಇಲ್ಲಿ ಹೇಳಲ್ಲ, ಅದು ಆ ಮಗುವಿಗೆ ಸೇರಿದ್ದು. ಅವತ್ತೇ ಮಗುವಿನ ಜೊತೆ ಒಬ್ಬರೇ ಕೂತು ಮಾತಾಡಿದ್ರು, ಮನೆಯವರನ್ನೂ ಕರೆಸಿದ್ರು, ಆ ಶೀಟ್ ಸ್ಪರ್ಧೆಯಿಂದ ಹೊರಗೆ ತೆಗೆದು ಅವರ ಹತ್ರನೇ ಇಟ್ಕೊಂಡ್ರು. ಕೌನ್ಸೆಲರ್ ಅಲ್ಲಿ ಇಲ್ದೇ ಇದ್ದಿದ್ರೆ ನಾವಿಬ್ರೂ ಆ ಕಾಮನಬಿಲ್ಲಿಗೆ ಬಣ್ಣದ ಕಾಲಂನಲ್ಲಿ ಒಳ್ಳೆ ಮಾರ್ಕ್ಸ್ ಹಾಕಿ ಮುಂದಿನ ಶೀಟ್ ತಗೋತಿದ್ವೇನೋ.

ಗೋಡೆಗೆ ಅಂಟಿಸೋಕೆ ಮುಂಚೆ ಒಬ್ಬೊಬ್ಬರನ್ನೇ ಕೇಳಿದ್ವಿ, ಹಾಕಬಹುದಾ, ಹಿಂದಿನ ಸಾಲೂ ಹಾಕಬಹುದಾ, ಹೆಸರು ಬೇಕಾ ಬೇಡ್ವಾ. ಬೇಡ ಅಂದವರು ಸಾಕಷ್ಟು ಜನ ಇದ್ರು, ಅವರ ಚಿತ್ರ ಸುರುಳಿ ಸುತ್ತಿ ವಾಪಸ್ ಕೊಟ್ವಿ. ಬಾಗಿಲು ಬಿಡಿಸಿದ ಹುಡುಗಿ ಹೆಸರು ಬೇಡ, ಚಿತ್ರ ಇರ್ಲಿ ಅಂದ್ಲು. ಸಂಜೆ ಅಪ್ಪ ಅಮ್ಮಂದಿರು ಬಂದಾಗ ಆ ಚಿತ್ರದ ಮುಂದೆ ಗುಂಪು ಜಾಸ್ತಿ, ನಮ್ಮ ಮಗುದೇ ಇರಬೇಕು ಅಂತ ಮೂರ್ನಾಲ್ಕು ಜನ ಬೇರೆ ಬೇರೆಯಾಗಿ ಬಂದು ನನ್ನ ಹತ್ರ ಕೇಳಿದ್ರು. ನಾನು ಯಾರಿಗೂ ಹೇಳ್ಲಿಲ್ಲ.

ಮುಂದಿನ ವರ್ಷಕ್ಕೂ ಬನ್ನಿ ಅಂದಿದ್ದಾರೆ. ಬರ್ತೀನಿ, ಆದ್ರೆ ಕೆಲವು ವಿಷಯ ಮೊದಲೇ ಬದಲಾಗ್ಬೇಕು ಅಂತ ಬರೆದು ಕೊಟ್ಟಿದ್ದೀನಿ. ಫಿನಿಶಿಂಗ್ ಕಾಲಂ ತೆಗೀಬೇಕು, ಆ 25 ಹಿಂದೆ ಬರೆಯೋ ಸಾಲುಗಳಿಗೆ ಹೋಗ್ಬೇಕು. ಕೌನ್ಸೆಲರ್ ಕೇಳಿದ ಪ್ರಶ್ನೆ ಶುರುವಿನಲ್ಲೇ ಬೋರ್ಡ್ ಮೇಲೆ ಇರಬೇಕು, ಅರ್ಧ ಗಂಟೆ ಆದ್ಮೇಲೆ ಅಲ್ಲ. ಕೌನ್ಸೆಲರ್ ಇಲ್ದೇ ಈ ವಿಷಯ ಇಟ್ಟು ಸ್ಪರ್ಧೆನೇ ಮಾಡಬಾರದು. ಆಮೇಲೆ ಪರೀಕ್ಷೆ ಹತ್ರ ಇರೋ ವಾರ ಬೇಡ, ಬೆಳಗ್ಗೆ ಮೊದಲ ಪೀರಿಯಡ್ಡೂ ಬೇಡ, ಮಕ್ಕಳು ಸ್ವಲ್ಪ ನಿದ್ದೆ ಮಾಡಿ ಬರ್ಲಿ. ಬಹುಮಾನನೇ ಇಲ್ದೆ ಬರೀ ಪ್ರದರ್ಶನ ಮಾಡಿದ್ರೆ ಹೇಗೆ ಅಂತ ಮೇಡಂ ಕೇಳಿದ್ದಾರೆ, ಬಹುಮಾನ ಇಲ್ಲ ಅಂದ್ರೆ ಮಕ್ಕಳೇ ಬರಲ್ಲ ಅಂತ ಮೇಷ್ಟ್ರು, ಆ ಮಾತು ಇನ್ನೂ ಮುಗಿದಿಲ್ಲ.